ಬೋಣಿಗೆ ಓಡಿದ ಹಾಲು

ಜೇವರ್ಗಿ ಬಸ್ ನಿಲ್ದಾಣದ ಹೊರಗೆ ಕಬ್ಬಿನ ಹಾಲಿನ ಗಾಡಿಯೊಂದು ನಿಲ್ಲುತ್ತದೆ. ಹೋದ ವಾರ ಕಾಲೇಜು ಮುಗಿಸಿ ಅದರ ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹೆಣ್ಣುಮಗಳೊಬ್ಬಳು ಅವಸರದಲ್ಲಿ ಬಂದಳು. ಅವಳ ಕೈಚೀಲದಿಂದ ಹಾಲಿನ ಪಾಕೀಟು ಜಾರಿ ಡಾಂಬರಿನ ಮೇಲೆ ಬಿದ್ದು ಒಡೆಯಿತು. ಗಾಡಿಯ ಕೆಳಗೆ ಚೆಲ್ಲಿದ್ದ ಕಬ್ಬಿನ ಹಾಲಿಗೆ ಈ ಹಾಲೂ ಹರಿದು ಹೋಗಿ ಸೇರಿತು.

“ಅಯ್ಯ ನನ ಕರ್ಮವೇ, ಈಗ ಚಾಕ್ಕ ಏನ್ ಹಾಕ್ಲಿ” ಎಂದು ಆಕೆ ತನ್ನನ್ನೇ ಬೈದುಕೊಂಡು ಹೋದಳು. ನಡೆದದ್ದು ಅಷ್ಟೇ. ನಾನು ಮಾತ್ರ ಗಾಡಿಯ ಗೂಟ ಹಿಡಿದುಕೊಂಡೆ. ಎರಡು ಹಾಲು ಡಾಂಬರಿನ ಮೇಲೆ ಬೆರೆತಾಗ ಒಂದು ವಾಸನೆ ಏಳುತ್ತದೆ, ಸಿಹಿ ಮತ್ತು ಹಸಿ ಕೂಡಿದ ವಾಸನೆ. ಅದು ಮೂಗಿಗೆ ಬಡಿದರೆ ನನ್ನ ಬಲಗಾಲು ತಾನೇ ತಾನಾಗಿ ಇಲ್ಲದ ಬ್ರೇಕನ್ನು ಒತ್ತುತ್ತದೆ. ಆ ವಾಸನೆ ಮೊದಲ ಸಲ ಬಡಿದ ದಿನ ನಾನು ಗಾಡಿ ಓಡಿಸುತ್ತಲೂ ಇರಲಿಲ್ಲ. ಚಾಲಕನ ಪಕ್ಕದಲ್ಲಿ ಕೂತಿದ್ದೆ.

“ಸರ್, ಆರಾಮ ಇದ್ದೀರಿ ಇಲ್ಲೋ?” ಎಂದು ಗಾಡಿಯವನು ಕೇಳಿದ.

ಆರಾಮ ಇದ್ದೇನೆ ಎಂದೆ. ಬಸ್ಸು ಬಂದು ಹೋಗಿಯೂ ಬಿಟ್ಟಿತ್ತು.

ಆ ದಿನದ ಮಾತು ನಾನು ಎಂ.ಬಿ.ಎ. ಮುಗಿಸಿದ ವರ್ಷದ್ದು. ಮೊದಲ ಕೆಲಸ ಸಿಕ್ಕಿದ್ದು ಒಂದು ಹಾಲಿನ ಕಂಪನಿಯಲ್ಲಿ. ನಮ್ಮ ಕಡೆ ಅದನ್ನು ಯಾರೂ ಹೆಸರಿನಿಂದ ಕರೆಯುತ್ತಿರಲಿಲ್ಲ. ಗಾಡಿಯ ಬಣ್ಣದ ಮೇಲೆ ನಮ್ಮದು ಹಳದಿ ಕಂಪನಿ, ಎದುರಾಳಿಗಳದು ಕೆಂಪು ಕಂಪನಿ. ಎರಡೂ ಹೊರಗಿನವು. ಹೆಚ್ಚುಕಡಿಮೆ ಒಂದೇ ತಿಂಗಳಲ್ಲಿ ಆಳಂದಕ್ಕೆ ಬಂದು, ಒಂದೇ ರಸ್ತೆಯಲ್ಲಿ ಎದುರುಬದುರಾಗಿ ತಂಪು ಗೋದಾಮು ಕಟ್ಟಿ, ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳು ತಮ್ಮವೇ ಎಂದು ಹೊರಟವು.

ಮೊದಲು ಕೆಂಪು ಕಂಪನಿ ಅರ್ಧ ಲೀಟರಿನ ಪಾಕೀಟಿಗೆ ಎರಡು ರೂಪಾಯಿ ಇಳಿಸಿತು. ನಾವು ಮೂರು ಇಳಿಸಿದೆವು. ಅವರು ಒಂದು ಕ್ರೇಟು ಹಾಲಿಗೆ ಎರಡು ಮೊಸರಿನ ಪಾಕೀಟು ಪುಕ್ಕಟೆ ಕೊಟ್ಟರು. ನಾವು ಅಂಗಡಿಗಳಿಗೆ ಬಣ್ಣ ಬಳಿಸಿಕೊಟ್ಟೆವು. ಮಂದಿಗೆ ಖುಷಿಯೋ ಖುಷಿ. ನನಗೂ ಖುಷಿ. ಸ್ಪರ್ಧೆ ಹೆಚ್ಚಿದರೆ ಗ್ರಾಹಕನಿಗೆ ಲಾಭ ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡವನು ನಾನು. ಬರೆದದ್ದು ಕಣ್ಣೆದುರಿಗೆ ನಡೆಯುತ್ತಿತ್ತು.

ಖರ್ಚಿಗಿಂತ ಕಡಿಮೆ ಬೆಲೆಗೆ ಮಾರಿದರೆ ನಡುವಿನ ಆ ಕೊರತೆಯನ್ನು ಯಾರ ಮೈಯಿಂದ ತುಂಬುತ್ತಾರೆ ಎಂದು ನಾನು ಓದಿದ ಪುಸ್ತಕ ಕೇಳಿರಲಿಲ್ಲ. ನಾನೂ ಕೇಳಲಿಲ್ಲ. ಉತ್ತರ ಮಾತ್ರ ದಿನಾ ನನ್ನ ಜೊತೆಗೇ ಗಾಡಿಯಲ್ಲಿ ಕೂತಿತ್ತು. ಮೂರು ಗಾಡಿಗಳ ಹಾಲನ್ನು ಎರಡು ಗಾಡಿಗಳಿಗೆ ತುಂಬಿದರು. ಕ್ರೇಟು ಇಳಿಸುವ ಆಳುಗಳನ್ನು ತೆಗೆದುಹಾಕಿದರು. ಇಳಿಸುವ ಕೆಲಸ ಚಾಲಕನ ಮೇಲೂ, ‘ಮಾರ್ಕೆಟ್ ಆಫೀಸರ್’ ಎಂಬ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡ ನನ್ನ ಮೇಲೂ ಬಿತ್ತು. ಬೆಳಗಿನ ಜಾವ ಆಳಂದ ಬಿಟ್ಟು, ಅಫಜಲಪುರ ಮುಗಿಸಿ, ಬಿಸಿಲೇರುವುದರೊಳಗೆ ಜೇವರ್ಗಿ ಮುಟ್ಟಬೇಕು. ಅದು ನಮ್ಮ ದಾರಿ.

ನಮ್ಮ ಗಾಡಿಯ ಚಾಲಕ ಶರಣಪ್ಪ. ಅತನೂರಿನವನು, ಐವತ್ತು ದಾಟಿದವನು, ಹಣೆಗೆ ವಿಭೂತಿ ಇಲ್ಲದೆ ಸ್ಟೇರಿಂಗ್ ಮುಟ್ಟದವನು. ಕೆಂಪು ಗಾಡಿಯ ಚಾಲಕ ಕಲ್ಲಪ್ಪ. ಅವನೂ ಅತನೂರಿನವನೇ. ಅಷ್ಟೇ ಅಲ್ಲ, ಇಬ್ಬರೂ ಬೀಗರು. ಶರಣಪ್ಪನ ಮಗಳು ಸುವರ್ಣಾಳನ್ನು ಕಲ್ಲಪ್ಪನ ಮಗನಿಗೆ ಕೊಟ್ಟಿದ್ದರು.

ಕಂಪನಿಗಳ ಜಗಳ ಏನೇ ಇರಲಿ, ಬೀಗರದು ಬೇರೆ ಲೆಕ್ಕ. ಭೂಸನೂರಿನ ಕಡೆ ತಿರುಗುವ ರಸ್ತೆಯ ಬಳಿ ಒಂದು ದೊಡ್ಡ ಬೇವಿನ ಮರ. ಯಾರು ಮೊದಲು ಬಂದರೂ ಅಲ್ಲಿ ಗಾಡಿ ನಿಲ್ಲಿಸಿ ಇನ್ನೊಬ್ಬನಿಗೆ ಕಾಯುತ್ತಿದ್ದರು. ಸುವರ್ಣಾ ಮಾವನ ಕೈಯಲ್ಲಿ ಅಪ್ಪನಿಗೂ ಸೇರಿಸಿ ಬುತ್ತಿ ಕೊಟ್ಟಿರುತ್ತಿದ್ದಳು. ಕೆಂಪು ಗಾಡಿಯ ಮೂತಿಯ ಮೇಲೆ ಬುತ್ತಿ ಬಿಚ್ಚುತ್ತಿದ್ದರು. ಎಂಜಿನ್ನಿನ ಶಾಖಕ್ಕೆ ರೊಟ್ಟಿ ಬೆಚ್ಚಗಾಗುತ್ತಿತ್ತು.

“ಏನ್ರಿ ಬೀಗರ, ನಿಮ್ಮ ಹಾಲಿನ್ಯಾಗ ಇವತ್ತ ನೀರ ಎಷ್ಟ ಹಾಕ್ಯಾರ?” ಇದು ಶರಣಪ್ಪನ ದಿನದ ಮೊದಲ ಮಾತು.

“ನಿಮಗ ಹಾಕಿ ಉಳಿದದ್ದು ಹಾಕ್ಯಾರ್ರಿ. ಸೊನ್ನ ಬ್ಯಾರೇಜಿನ ಗೇಟೇ ನಿಮ್ಮ ಮಾಲಕರ ಕೈಯಾಗ ಅದ ಅಂತ ಸುದ್ದಿ. ಥೋಡೆ ನಮಗೂ ಬಿಡಂತ ಹೇಳ್ರಿ.”

“ನಮ್ಮ ಮಗಳ ಕೈ ರುಚಿ ಹೆಂಗದ?”

“ನಿಮ್ಮ ಮನ್ಯಾಗ ಇದ್ದಾಗ ಉಪ್ಪ ಹಾಕೂದೂ ಕಲಿಸಿದ್ದಿಲ್ಲ. ಎಲ್ಲಾ ನಾವ ತಿದ್ದೇವಿ ನೋಡ್ರಿ.”

“ತಿದ್ದಿದ್ದು ಸಾಕು, ಆ ಖಾರ ಇತ್ತಾಗ ಸರಸ್ರಿ.”

ಐದು ನಿಮಿಷದ ಊಟ. ಆಮೇಲೆ ಒಬ್ಬರ ಹಿಂದೊಬ್ಬರು ಗಾಡಿ ಬಿಟ್ಟು ಅಫಜಲಪುರ ಸೇರುತ್ತಿದ್ದರು. ಅಂಗಡಿಯವರು ಅರ್ಧ ಹಳದಿ, ಅರ್ಧ ಕೆಂಪು ಇಳಿಸಿಕೊಳ್ಳುತ್ತಿದ್ದರು. ಯಾರ ಹೊಟ್ಟೆಯೂ ಉರಿಯುತ್ತಿರಲಿಲ್ಲ.

ಅದನ್ನು ಹಾಳು ಮಾಡಿದವನು ನಾನು. ಈ ಮಾತನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ದೀಪಾವಳಿ ಮುಗಿದ ಮೇಲೆ ಆಳಂದದ ಗೋದಾಮಿನಲ್ಲಿ ಸಭೆ ಕರೆದರು. ನಮ್ಮ ಏರಿಯಾ ಮ್ಯಾನೇಜರ್ ದಕ್ಷಿಣದ ಕಡೆಯವನು. ಮಾತಿನಲ್ಲಿ ನಯ, ಅಂಗಿಯಲ್ಲಿ ಇಸ್ತ್ರಿ. ಬಿಳಿ ಹಲಗೆಯ ಮೇಲೆ ಮೂರು ತಾಲ್ಲೂಕುಗಳ ನಕ್ಷೆ ಬರೆದು ನಮ್ಮತ್ತ ತಿರುಗಿದ.

“ರೇಟಲ್ಲಿ ಇನ್ನು ಇಳಿಯೋಕೆ ಆಗಲ್ಲ. ಅವ್ರೂ ಇಳಿಯಲ್ಲ. ಅಂಗಡಿಯವ್ರು ನೋಡಿದ್ರೆ ಇಬ್ಬರದ್ದೂ ಇಟ್ಕೊಂಡು ಮಜಾ ನೋಡ್ತಿದಾರೆ. ನೀವು ಇಲ್ಲೀನೇ ಹುಟ್ಟಿ ಬೆಳೆದೋರು. ಈ ಜನ ಯಾವುದಕ್ಕೆ ‘ಇಲ್ಲ’ ಅನ್ನಲ್ಲ, ಅದನ್ನ ಹೇಳಿ.”

ಅವನು ಕೇಳಿದ್ದು ಹಾಗೇ, ಅದೇ ಮಾತಿನಲ್ಲಿ. ನನಗೆ ಥಟ್ಟನೆ ಹೊಳೆಯಿತು.

“ಸರ್, ನಮ್ಮ ಕಡೆ ಬೋಣಿ ಹೊತ್ತಿನಲ್ಲಿ ಯಾರೂ ‘ಇಲ್ಲ’ ಅನ್ನುವುದಿಲ್ಲ.”

ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ಅದು ಆಗುವ ತನಕ ಅಂಗಡಿಯಲ್ಲಿ ‘ಇಲ್ಲ’ ಎಂಬ ಶಬ್ದ ಬಾಯಿಂದ ಬರಬಾರದು. ಬಂದರೆ ಆ ದಿನವೆಲ್ಲ ‘ಇಲ್ಲ’ ಎಂದೇ ಕಳೆಯುತ್ತದೆಂದು ನಂಬಿಕೆ. ಉಪ್ಪು ತೀರಿದ್ದರೆ “ಉಪ್ಪು ಬರೂದದ” ಎನ್ನುತ್ತಾರೆ. ಸಕ್ಕರೆ ತೀರಿದ್ದರೆ “ನಾಳಿಗಿ ಹೇರಳ ಅದ” ಎನ್ನುತ್ತಾರೆ. ಬಾಗಿಲು ತೆರೆದ ಹೊತ್ತಿಗೆ ಮೊದಲು ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಚಹಾ ಹೋಟೆಲಿನವರು ಮೊದಲ ಕಪ್ಪನ್ನು ರಸ್ತೆಗೆ ಚೆಲ್ಲಿ, ಬೋಣಿಯ ನೋಟನ್ನು ಕಣ್ಣಿಗೆ ಒತ್ತಿಕೊಂಡು ಪೆಟ್ಟಿಗೆಗೆ ಹಾಕುತ್ತಾರೆ. ಇದನ್ನೆಲ್ಲ ನಾನು ಬಹಳ ಚೆನ್ನಾಗಿ ವಿವರಿಸಿದೆ. ಊರಿನ ಬಗ್ಗೆ ತಿಳಿದವನೆಂಬ ಜಂಬವೂ ಸ್ವಲ್ಪ ಇತ್ತು.

ಮ್ಯಾನೇಜರ್ ಎದ್ದು ನಿಂತ. “ಅಂದ್ರೆ ಶಟರ್ ತೆಗೆಯೋ ಹೊತ್ತಿಗೆ ನಮ್ಮ ಗಾಡಿ ಮುಂದೆ ನಿಂತಿದ್ರೆ, ನಾವು ಮೊದ್ಲು ಏನೋ ಒಂದು ಕೊಂಡು ಬೋಣಿ ಮಾಡ್ತೀವಿ. ಆಮೇಲೆ ಎಷ್ಟು ಕ್ರೇಟು ಇಳಿಸಿದ್ರೂ ‘ಬೇಡ’ ಅನ್ನಲ್ಲ?”

“ಬೋಣಿ ಮಾಡಿದವರಿಗೆ ಆ ಹೊತ್ತಿನಲ್ಲಿ ಹಾಗೆ ಅನ್ನುವುದು ಕಷ್ಟ, ಸರ್.”

“ಬ್ಯೂಟಿಫುಲ್!” ಎಂದು ಹಲಗೆಯ ಮೇಲೆ ದೊಡ್ಡದಾಗಿ ‘ಆಪರೇಷನ್ ಬೋಣಿ’ ಎಂದು ಬರೆದ. ಎಲ್ಲರೂ ನನಗಾಗಿ ಚಪ್ಪಾಳೆ ತಟ್ಟಿದರು. ಶರಣಪ್ಪ ಹಿಂದಿನ ಸಾಲಿನಲ್ಲಿ ಕೈ ಕಟ್ಟಿ ನಿಂತಿದ್ದ. ಹೇಳಿದ್ದು ಯಾರೆಂದು ಅವನಿಗೆ ಗೊತ್ತಿತ್ತು. ಅವನು ಅದನ್ನು ಎಂದೂ ಎತ್ತಲಿಲ್ಲ, ತನ್ನ ಬೀಗನಿಗೂ ಹೇಳಲಿಲ್ಲ.

ಮರುದಿನದಿಂದ ಎಲ್ಲ ಬದಲಾಯಿತು. ಪ್ರತಿ ಅಂಗಡಿಯ ಮುಚ್ಚಿದ ಶಟರಿನ ಮುಂದೆ ಹಳದಿ ಗಾಡಿ ನಿಂತಿರುವ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಕು. ಅದು ನನ್ನ ಕೆಲಸ. ಫೋಟೊದಲ್ಲಿ ಶಟರ್ ತೆರೆದಿದ್ದರೆ ಆ ದಿನ ಚಾಲಕನಿಗೆ ಸಂಬಳದ ಮೇಲಿನ ಬತ್ತಾ ಇಲ್ಲ. ಶಟರ್ ಎತ್ತಿದ ಕೂಡಲೇ ನಾನು ಒಂದು ಸಾಬೂನೋ ಬೆಂಕಿಪೆಟ್ಟಿಗೆಯೋ ಕೊಂಡು ಕೈಯಲ್ಲಿ ನೋಟು ಇಡುತ್ತಿದ್ದೆ. ಅವರು ಅದನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಂತೆ ಶರಣಪ್ಪ ಕ್ರೇಟು ಇಳಿಸುತ್ತಿದ್ದ. ಹಿಂದೆ ಬಂದ ಕಲ್ಲಪ್ಪನಿಗೆ ಅಂಗಡಿಯಲ್ಲಿ ಜಾಗ ಉಳಿಯುತ್ತಿರಲಿಲ್ಲ.

ಅಫಜಲಪುರದ ಬಸ್ ನಿಲ್ದಾಣದ ಎದುರು ಗುರುಬಾಯಿ ಎಂಬಾಕೆಯ ಚಹಾ ಹೋಟೆಲು. ಮನೆಯಲ್ಲೇ ಎರಡು ಎಮ್ಮೆ ಕಟ್ಟಿ, ಅವುಗಳ ಹಾಲಿನಲ್ಲೇ ಚಹಾ ಮಾಡುತ್ತಿದ್ದವಳು. ಪಾಕೀಟು ಸಸ್ತಾ ಆಯಿತೆಂದು ಆ ವರ್ಷ ಎಮ್ಮೆಗಳನ್ನು ಮಾರಿಬಿಟ್ಟಿದ್ದಳು. ನನ್ನ ನೋಟನ್ನು ಎಂಟು ದಿನ ಕಣ್ಣಿಗೆ ಒತ್ತಿಕೊಂಡಳು. ಒಂಬತ್ತನೆಯ ದಿನ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಯಾಕೋ ತಮ್ಮಾ, ದಿನಾ ಒಂದೊಂದು ಬೆಂಕಿಪೆಟ್ಟಿಗಿ ಒಯ್ದು ಊರ ಸುಡಾಂವಿದ್ದೀಯೇನು?”

ಸುತ್ತ ಕೂತವರು ನಕ್ಕರು. ನಾನೂ ಹಲ್ಲು ಕಿರಿದೆ.

“ಬೋಣಿ ಅಂದ್ರ ದೇವರು ಕಳಿಸಿದ ಗಿರಾಕಿ. ನಿನ್ನ ಕಂಪನಿ ಕಳಿಸಿದ್ದಲ್ಲ” ಎಂದಳು. ಹಾಗೆ ಬೈಯುತ್ತಲೇ ಕ್ರೇಟು ಇಳಿಸಿಕೊಂಡಳು. ಆ ಹೊತ್ತಿನಲ್ಲಿ ‘ಇಲ್ಲ’ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ನಾವು ಕಂಪನಿಯವರು ಒಂದು ಊರಿನ ಮರ್ಯಾದೆಯನ್ನು ಹಿಡಿದು ಆ ಊರಿನವರ ಕೈಯನ್ನೇ ತಿರುಚುತ್ತಿದ್ದೆವು. ಅದಕ್ಕೆ ‘ಗ್ರಾಹಕರ ಒಳನೋಟ’ ಎಂದು ಹೆಸರಿಟ್ಟಿದ್ದರು.

ಕೆಂಪು ಕಂಪನಿಗೆ ಇದು ತಿಳಿಯಲು ಎರಡು ವಾರ ಸಾಕಾಯಿತು. ಅವರೂ ಫೋಟೊ ಕೇಳಿದರು, ಅವರೂ ಬತ್ತಾ ಕತ್ತರಿಸಿದರು. ನಾವು ಅರ್ಧ ಗಂಟೆ ಮೊದಲು ಹೊರಟೆವು. ಅವರು ಮುಕ್ಕಾಲು ಗಂಟೆ ಮೊದಲು ಹೊರಟರು. ಕಬ್ಬು ಕಡಿಯುವ ಕಾಲ. ರಸ್ತೆಯ ತುಂಬ ಟ್ರ್ಯಾಕ್ಟರುಗಳು. ಒಂದಕ್ಕೆ ಎರಡೆರಡು ಟ್ರಾಲಿ, ಹಿಂದೆ ದೀಪವಿಲ್ಲ, ಮಿನುಗುವ ಪಟ್ಟಿಯೂ ಇಲ್ಲ. ಅವುಗಳ ನಡುವೆ ಎರಡು ಹಾಲಿನ ಗಾಡಿಗಳು ಒಂದನ್ನೊಂದು ಹಿಂದೆ ಹಾಕುತ್ತ ಓಡಿದವು. ಬೇವಿನ ಮರದ ಕೆಳಗೆ ಯಾರೂ ನಿಲ್ಲಲಿಲ್ಲ. ಸುವರ್ಣಾಳ ಬುತ್ತಿಯನ್ನು ಕಲ್ಲಪ್ಪ ಜೇವರ್ಗಿಯಲ್ಲಿ, ಬಿಸಿಲೇರಿದ ಮೇಲೆ, ಆರಿದ್ದನ್ನು ತಂದು ಕೊಡುತ್ತಿದ್ದ. ಆಗಲೂ ಇಬ್ಬರ ನಡುವೆ ಮಾತು ಕಡಿಮೆಯಾಗಿತ್ತು.

“ಬೀಗರ, ನೀವು ಇವತ್ತ ಕಬ್ಬಿನ ಗಾಡಿ ದಾಟಿದ್ದು ಚಲೋ ಆಗ್ಲಿಲ್ಲ” ಎಂದು ಶರಣಪ್ಪ ಒಂದು ದಿನ ಹೇಳಿದ.

“ನೀವು ಬಾಜೂ ಬಿಡಲಿಲ್ಲಲ್ರಿ.”

“ಬಿಟ್ರ ನನ್ನ ಬತ್ತಾ ನೀವು ಕೊಡ್ತಿರೇನು?”

“ನಾ ದಾಟದಿದ್ರ ನನ್ನದು ನೀವು ಕೊಡ್ತಿರೇನು?”

ಇಬ್ಬರ ಮಾತೂ ನಿಜವಾಗಿತ್ತು. ಅದೇ ಸಿಟ್ಟು ತರಿಸುವ ವಿಷಯ. ಆಳಂದದ ರಸ್ತೆಯಲ್ಲಿ ಎದುರುಬದುರು ಕೂತ ಎರಡು ಕಂಪನಿಗಳ ನಡುವಿನ ಹಟವನ್ನು ಒಂದೇ ಊರಿನ, ಒಂದೇ ಮಗಳ ಕೈಯ ರೊಟ್ಟಿ ತಿನ್ನುವ ಇಬ್ಬರ ನಡುವೆ ತಂದಿಟ್ಟಿದ್ದರು. ಬೆಲೆ ಇಳಿಸಿದ್ದು ಕಂಪನಿಯ ಧೈರ್ಯ ಎಂದು ಪತ್ರಿಕೆಯ ಜಾಹೀರಾತಿನಲ್ಲಿ ಬಂತು. ದೀಪವಿಲ್ಲದ ಟ್ರಾಲಿಗಳ ನಡುವೆ ತೂರಿಕೊಂಡು ಹೋದವರ ಧೈರ್ಯ ಎಲ್ಲಿಯೂ ಬರಲಿಲ್ಲ.

ಎಳ್ಳಮಾಸಿ ಬಂತು. ಅಡುಗೆಯ ಎಡೆಯನ್ನು ಚರಗವೆಂದು ಹೊಲಕ್ಕೆ ಚೆಲ್ಲುವ ಆ ಹಬ್ಬದಂದೂ ನಮಗೆ ರಜೆ ಇರಲಿಲ್ಲ. ಮರುದಿನ ಮಂಜು ಬಹಳ ಬಿದ್ದಿತ್ತು. ಜೋಳದ ಹೊಲ ಯಾವುದು, ರಸ್ತೆ ಯಾವುದು ತಿಳಿಯದಂಥ ಮಂಜು. ಆಳಂದ ಬಿಟ್ಟು ಅರ್ಧ ಗಂಟೆಯಾಗಿರಬಹುದು. ಹಿಂದಿನಿಂದ ಕೆಂಪು ಗಾಡಿಯ ಬೆಳಕು ನಮ್ಮ ಕನ್ನಡಿಯಲ್ಲಿ ಬಿತ್ತು. ಹಾರ್ನ್ ಕೇಳಿತು.

ಶರಣಪ್ಪನ ಕಾಲು ಸ್ವಲ್ಪ ಸಡಿಲಾಯಿತು. ಬಿಟ್ಟುಕೊಡಲಿದ್ದ ಎಂದು ನನಗೆ ಇಂದಿಗೂ ಅನಿಸುತ್ತದೆ. ನಾನೇ ಹೇಳಿದೆ: “ಬಿಡಬ್ಯಾಡ್ರಿ ಶರಣಪ್ಪ. ಹಿಂದಿನ ಎರಡು ದಿನ ಗುರುಬಾಯಿ ಹೋಟೆಲಿನಾಗ ಅವರದ ಬೋಣಿ ಆಗ್ಯಾದ.”

ಅವನು ನನ್ನ ಕಡೆ ಒಮ್ಮೆ ನೋಡಿದ. ಮತ್ತೆ ಕಾಲು ಒತ್ತಿದ.

ಕೆಂಪು ಗಾಡಿ ನಮ್ಮ ಪಕ್ಕಕ್ಕೆ ಬಂತು. ಎರಡೂ ಗಾಡಿಗಳು ಜೊತೆಜೊತೆಗೆ ಓಡಿದವು. ಕಲ್ಲಪ್ಪ ತನ್ನ ಗಾಡಿಯ ಎಡಗಡೆಯ ಕಿಟಕಿಯತ್ತ ಬಾಗಿ, ನಗುತ್ತ, ಗಾಳಿಯ ಮೇಲೆ ಕೂಗಿದ: “ಬೀಗರ! ನಿಮ್ಮ ಮಗಳು ಸಜ್ಜಿ ರೊಟ್ಟಿ, ಭಜ್ಜಿ ಕಟ್ಟ್ಯಾಳ! ಅಫಜಲಪುರದಾಗ ಕೊಡ್ತೇನಿ, ಬರ್ರಿ ಹಿಂದಿಂದ!”

ಶರಣಪ್ಪನೂ ನಕ್ಕ. ಎಷ್ಟೋ ದಿನಗಳ ಮೇಲೆ ನಕ್ಕ. ಆದರೆ ನಾವು ವೇಗ ಇಳಿಸಿರಲಿಲ್ಲ. ಹಾಗಾಗಿ ಕಲ್ಲಪ್ಪ ಇನ್ನೂ ಮುಂದೆ, ಇನ್ನೂ ವೇಗವಾಗಿ ಹೋಗಿ, ನಮ್ಮ ಮೂತಿಗೆ ತಾಗುವಂತೆ ಎಡಕ್ಕೆ ಎಳೆದುಕೊಂಡ. ಅವನ ಹಿಂದಿನ ಕೆಂಪು ದೀಪಗಳು ಮಂಜಿನಲ್ಲಿ ಕಂಡವು. ಆಮೇಲೆ ಆ ದೀಪಗಳು ನಿಂತಲ್ಲೇ ಮೇಲಕ್ಕೆ ಎದ್ದವು. ಸದ್ದು ಆಮೇಲೆ ಬಂತು.

ನಾನು ಕೂತ ಕಡೆ ಇಲ್ಲದ ಬ್ರೇಕನ್ನು ಒತ್ತಿದ್ದು ಆಗ. ನಮ್ಮ ಗಾಡಿ ಜಾರಿ, ಅಡ್ಡ ತಿರುಗಿ, ಅವನ ಗಾಡಿಯಿಂದ ಎರಡು ಮಾರು ದೂರದಲ್ಲಿ ನಿಂತಿತು.

ಅಚ್ಚು ಮುರಿದ ಕಬ್ಬಿನ ಟ್ರಾಲಿಯೊಂದು ರಸ್ತೆಯ ಮೇಲೇ ನಿಂತಿತ್ತು. ಹಿಂದೆ ದೀಪದ ಬದಲು ಒಂದು ಗೋಣಿಚೀಲ ಕಟ್ಟಿದ್ದರು. ಕಬ್ಬಿನ ಜಲ್ಲೆಗಳು ಕೆಂಪು ಗಾಡಿಯ ಗಾಜು ಒಡೆದು ಒಳಗೆ ನುಗ್ಗಿದ್ದವು. ಕಲ್ಲಪ್ಪನಿಗೆ ಎಚ್ಚರವಿತ್ತು. ಸೊಂಟದ ಕೆಳಗೆ ಮಾತ್ರ ಕಬ್ಬಿಣ ಮಡಚಿಕೊಂಡಿತ್ತು. ಹೊಡೆತಕ್ಕೆ ಅವನ ಗಾಡಿಯ ಪಾಕೀಟುಗಳೆಲ್ಲ ಒಡೆದು ಹಾಲು ಬಾಗಿಲಿನ ಸಂದಿಯಿಂದ ಧಾರೆಯಾಗಿ ಇಳಿಯುತ್ತಿತ್ತು. ಜಜ್ಜಿದ ಕಬ್ಬಿನಿಂದ ಇನ್ನೊಂದು ಹಾಲು ಇಳಿಯುತ್ತಿತ್ತು.

ಶರಣಪ್ಪ ಜಾಕಿಯ ಕಬ್ಬಿಣದ ಸರಳು ತಂದು ಬಾಗಿಲು ಮೀಟತೊಡಗಿದ. “ಬೀಗರ, ನನ್ನ ಕಡೆ ನೋಡ್ರಿ. ಕೆಳಗ ನೋಡಬ್ಯಾಡ್ರಿ. ನನ್ನ ಮಾರಿ ನೋಡ್ರಿ.”

ನಾನು ೧೦೮ಕ್ಕೆ ಫೋನ್ ಮಾಡಿದೆ. ಗಾಡಿ ಬೇರೆ ಕಡೆ ಹೋಗಿದೆ, ಕಳಿಸುತ್ತೇವೆ, ಹೊತ್ತಾಗಬಹುದು ಎಂದರು. ನಮ್ಮ ಗುಂಪಿಗೆ ಸುದ್ದಿ ಹಾಕಿದೆ. ಕೂಡಲೇ ಮ್ಯಾನೇಜರ್ ಫೋನ್ ಬಂತು. ಬಾಗಿಲು ಮೀಟುವ ಸದ್ದಿನಲ್ಲಿ ಕೇಳಿಸದೆಂದು ಸ್ಪೀಕರ್ ಒತ್ತಿದೆ.

“ನಮ್ಮ ಗಾಡಿಗೆ ಏನೂ ಆಗಿಲ್ಲ ತಾನೆ?”

“ಇಲ್ಲ ಸರ್. ಆದರೆ ಕೆಂಪು ಗಾಡಿ...”

“ಗೊತ್ತಾಯ್ತು. ಆಂಬ್ಯುಲೆನ್ಸ್‌ಗೆ ಹೇಳಿದೀರಲ್ಲ, ಅದು ಬರುತ್ತೆ. ನೀವು ಹೊರಡಿ. ಇವತ್ತು ಅವ್ರ ಗಾಡಿ ರೂಟಲ್ಲಿ ಇಲ್ಲ. ಜೇವರ್ಗಿವರೆಗೂ ಒಂದು ಅಂಗಡಿ ಬಿಡಬೇಡಿ. ಎಲ್ಲಾ ಬೋಣಿ ನಮ್ದೇ.”

ಅವನು ಕೂಗಲಿಲ್ಲ, ಗದರಿಸಲಿಲ್ಲ. ನಯವಾಗಿಯೇ ಹೇಳಿದ. ಗುಂಪಿನಲ್ಲಿ ಬೇರೆ ದಾರಿಗಳವರು ಹೆಬ್ಬೆರಳು ಎತ್ತಿದ ಚಿತ್ರ ಹಾಕತೊಡಗಿದರು. ಯಾವುದಕ್ಕೆ ಹಾಕಿದರೋ, ನಾನು ಎಂದೂ ಕೇಳಲಿಲ್ಲ.

ಬಾಗಿಲು ಕಿತ್ತು ಬಂದಿತ್ತು. ಫೋನಿನ ಮಾತು ಇಬ್ಬರಿಗೂ ಕೇಳಿಸಿತ್ತು. ಶರಣಪ್ಪ ಸರಳು ಕೆಳಗಿಟ್ಟ. ನಮ್ಮ ಗಾಡಿಯ ಹಿಂದಿನ ಬಾಗಿಲು ತೆಗೆದು ಕ್ರೇಟುಗಳನ್ನು ಎತ್ತಿ ರಸ್ತೆಗೆ ಎಸೆಯತೊಡಗಿದ. ತಂಪು ಪಾಕೀಟುಗಳು ಟಪಟಪ ಒಡೆದವು. ನಾನು ಫೋನ್ ಹಿಡಿದು ನಿಂತೇ ಇದ್ದೆ.

“ಏನ್ ನೋಡಾಕತ್ತೀರಿ? ಇಳಸ್ರಿ! ನಿಮ್ಮ ಬೋಣಿ ಇಲ್ಲೇ ಆಗ್ಲಿ!” ಎಂದು ಚೀರಿದ. ಅವನು ನನಗೆ ದನಿಯೆತ್ತಿ ಮಾತಾಡಿದ್ದು ಅದೊಂದೇ ಸಲ.

ಇಳಿಸಿದೆ. ಗಾಡಿ ಖಾಲಿಯಾಯಿತು. ಒದ್ದೆ ತಗಡಿನ ಮೇಲೆ ಶರಣಪ್ಪನ ರಗ್ಗು ಹಾಸಿ ಕಲ್ಲಪ್ಪನನ್ನು ಮಲಗಿಸಿದೆವು. ಮೊಣಕಾಲಿನ ಕೆಳಗೆ ಟವೆಲ್ ಬಿಗಿದು ಹಿಡಿದುಕೊಂಡು ನಾನು ಪಕ್ಕದಲ್ಲಿ ಕೂತೆ. ಶರಣಪ್ಪ ಗಾಡಿಯನ್ನು ಕಲಬುರಗಿಯ ಕಡೆ ತಿರುಗಿಸಿದ. ಚಕ್ರಗಳು ಆ ಹಾಲಿನ ಮೇಲೆಯೇ ಹೊರಟವು.

ದಾರಿಯಲ್ಲಿ ಕಲ್ಲಪ್ಪ ಎರಡೇ ಮಾತಾಡಿದ. “ಬುತ್ತಿ ಗಾಡ್ಯಾಗ ಉಳೀತು” ಎಂದ. ಬಹಳ ಹೊತ್ತಿನ ಮೇಲೆ, ಒಂದು ತಗ್ಗಿನಲ್ಲಿ ಗಾಡಿ ಕುಣಿದಾಗ, “ಬೀಗರ, ಹೌರಗ ಹೊಡೀರಿ” ಎಂದ. ಅಷ್ಟು ದಿನಗಳಲ್ಲಿ ಅವರಿಬ್ಬರಿಗೆ ‘ಹೌರಗ ಹೊಡೀರಿ’, ಅಂದರೆ ನಿಧಾನವಾಗಿ ಓಡಿಸಿ, ಎಂದು ಹೇಳಿದವರು ಯಾರೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಕಲ್ಲಪ್ಪನ ಬಲಗಾಲನ್ನು ಮೊಣಕಾಲಿನ ಮೇಲೆ ಕತ್ತರಿಸಿದರು. “ಆಪರೇಷನ್ ಆಯ್ತಂತ್ರಿ” ಎಂದು ಶರಣಪ್ಪ ಹೊರಗೆ ಬಂದು ಹೇಳಿದಾಗ ನನಗೆ ಗೋದಾಮಿನ ಬಿಳಿ ಹಲಗೆ ನೆನಪಾಯಿತು.

ಕಂಪನಿ ಶರಣಪ್ಪನನ್ನು ತೆಗೆದುಹಾಕಿತು. ಕಾರಣ: ಮಾಲನ್ನು ಉದ್ದೇಶಪೂರ್ವಕವಾಗಿ ಹಾಳುಮಾಡಿದ್ದು. ಕೆಂಪು ಕಂಪನಿ ತನ್ನ ಚಾಲಕನ ಅತಿವೇಗವೇ ಅಪಘಾತಕ್ಕೆ ಕಾರಣ ಎಂದು ಬರೆದುಕೊಟ್ಟಿತು. ಶಟರಿನ ಫೋಟೊ ಕೇಳಿದ್ದು ಯಾವ ಕಾಗದದಲ್ಲೂ ಇರಲಿಲ್ಲ. ನನ್ನನ್ನು ಯಾರೂ ತೆಗೆಯಲಿಲ್ಲ. ನಾನು ಹೋಳಿ ಹುಣ್ಣಿಮೆಯ ತನಕ ಅದೇ ಗುರುತಿನ ಚೀಟಿ ಹಾಕಿಕೊಂಡು ಓಡಾಡಿದೆ. ಅದನ್ನೂ ಹೇಳಬೇಕು.

ಅಷ್ಟರಲ್ಲಿ ಯುದ್ಧ ಮುಗಿಯಿತು. ಯಾರೂ ಗೆದ್ದದ್ದಲ್ಲ. ಎರಡೂ ಕಂಪನಿಯ ದೊಡ್ಡವರು ಒಂದು ಮಧ್ಯಾಹ್ನ ಕೂತು ಊಟ ಮಾಡಿ ಎದ್ದರು. ಕೆಂಪು ಕಂಪನಿ ನಮ್ಮ ಮೂರು ತಾಲ್ಲೂಕು ಬಿಟ್ಟುಕೊಟ್ಟಿತು, ನಮ್ಮವರು ಬೇರೆ ಕಡೆಯ ಎರಡು ಊರು ಬಿಟ್ಟುಕೊಟ್ಟರು. ಬೇವಿನ ಮರದ ಕೆಳಗೆ ಇಬ್ಬರು ಚಾಲಕರು ದಿನವೂ ಮಾಡುತ್ತಿದ್ದದ್ದೂ ಅದೇ: ನಿಂತು, ಹಂಚಿಕೊಂಡು, ಹೊರಡುವುದು. ಅವರು ಮಾಡಿದರೆ ಬತ್ತಾ ಕತ್ತರಿಸುತ್ತಿದ್ದರು. ದೊಡ್ಡವರು ಮಾಡಿದ್ದನ್ನು ‘ಒಡಂಬಡಿಕೆ’ ಎಂದು ಕರೆದರು.

ಮುಂದಿನ ವಾರ ಪಾಕೀಟಿನ ಬೆಲೆ ಇಳಿಸಿದ್ದಕ್ಕಿಂತ ಹೆಚ್ಚು ಏರಿತು. ಅದರ ಮುಂದಿನ ತಿಂಗಳು ಚೀಲ ಅಷ್ಟೇ ದೊಡ್ಡದಿದ್ದು, ಒಳಗಿನ ಹಾಲು ಐವತ್ತು ಮಿಲಿಲೀಟರ್ ಕಡಿಮೆಯಾಯಿತು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರು, ಅಷ್ಟರಮಟ್ಟಿಗೆ ಪ್ರಾಮಾಣಿಕರು. ಗುರುಬಾಯಿ ಪಾಕೀಟನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದಳು.

“ಚೀಲ ಅಷ್ಟೇ ಅದ, ಹಾಲೆಲ್ಲಿ ಹೋತೋ ತಮ್ಮಾ? ಗಾಳಿಗೂ ರೊಕ್ಕ ತಗೋತೀರೇನು?”

“ಮತ್ತ ಎಮ್ಮಿ ಕಟ್ರಿ ಅಕ್ಕಾ” ಎಂದೆ.

“ಎಮ್ಮಿ ಅಂದ್ರ ಶಟರ್ ಅಲ್ಲೋ, ಬೇಕಾದಾಗ ಏರಸಾಕ, ಬ್ಯಾಡಾದಾಗ ಇಳಸಾಕ” ಎಂದು ಒಲೆಯತ್ತ ತಿರುಗಿದಳು.

ಅಂದೇ ಸಂಜೆ ಚೀಟಿಯನ್ನು ಕೊರಳಿನಿಂದ ತೆಗೆದೆ. ಈಗ ಜೇವರ್ಗಿಯಲ್ಲಿ ವಾಣಿಜ್ಯ ಕಲಿಸುತ್ತೇನೆ. ಬೆಲೆ ಇಳಿಸಿ ಮಾರುಕಟ್ಟೆ ಹಿಡಿಯುವುದು ಹತ್ತು ಅಂಕದ ಪ್ರಶ್ನೆ. ಅನುಕೂಲಗಳು, ಅನಾನುಕೂಲಗಳು ಎಂದು ವಿದ್ಯಾರ್ಥಿಗಳು ಗೆರೆ ಎಳೆದು ಬರೆಯುತ್ತಾರೆ. ಅನಾನುಕೂಲಗಳ ಕಡೆ ಯಾರ ಕಾಲೂ ಇರುವುದಿಲ್ಲ. ನಾನು ಕೆಂಪು ಶಾಯಿಯಲ್ಲಿ ಅಂಕ ಕೊಟ್ಟು ಮುಂದಿನ ಪುಟ ತಿರುಗಿಸುತ್ತೇನೆ.

ಬಸ್ ನಿಲ್ದಾಣದಲ್ಲಿ ಆ ಪಾಕೀಟು ಒಡೆದ ಮೇಲೆ ನಿದ್ದೆ ಬರಲಿಲ್ಲ. ಭಾನುವಾರ ಮೊದಲ ಬಸ್ಸಿಗೆ ಅತನೂರ ಕ್ರಾಸಿಗೆ ಹೋದೆ. ಕಲ್ಲಪ್ಪ ಅಲ್ಲಿ ಚಹಾದಂಗಡಿ ಇಟ್ಟಿದ್ದಾನೆಂದು ಕೇಳಿದ್ದೆ. ಹೋಗಿರಲಿಲ್ಲ.

ತಗಡಿನ ಅಂಗಡಿ. ಎತ್ತರದ ಸ್ಟೂಲಿನ ಮೇಲೆ ಕಲ್ಲಪ್ಪ, ಪಕ್ಕದಲ್ಲಿ ಊರುಗೋಲು. ಕಟ್ಟೆಯ ಮೇಲೆ ಎಮ್ಮೆ ಹಾಲಿನ ಕ್ಯಾನು. ಅದು ಶರಣಪ್ಪನ ಮನೆಯಿಂದ ಬರುತ್ತದೆಂದು ಆಮೇಲೆ ತಿಳಿಯಿತು. ಅವನು ಈಗ ಸೈಕಲ್ ಬಿಟ್ಟು ಬೇರೆ ಯಾವ ಗಾಡಿಯನ್ನೂ ಮುಟ್ಟುವುದಿಲ್ಲವಂತೆ. ಕಲ್ಲಪ್ಪ ಆಗಷ್ಟೇ ಮೊದಲ ಕಪ್ಪನ್ನು ರಸ್ತೆಗೆ ಚೆಲ್ಲುತ್ತಿದ್ದ. ನನ್ನನ್ನು ನೋಡಿ ಕಣ್ಣು ಕಿರಿದು ಮಾಡಿದ.

“ಯಾರ್ರಿ... ಹಳದಿ ಗಾಡಿ ಸರ್ ಅಲ್ಲೇನ್ರಿ? ಟವೆಲ್ ಹಿಡಕೊಂಡು ಕುಂತಿದ್ರಲ್ಲ! ಬರ್ರಿ, ಬರ್ರಿ. ಇವತ್ತಿನ ಬೋಣಿ ನಿಮ್ಮದ!”

ನಾನು ಹತ್ತು ರೂಪಾಯಿಯ ನೋಟು ಹೊರಗೆ ತೆಗೆದೆ. ಅವನು ಅಂಗೈ ಚಾಚಿದ. ಕೊಡಲಾಗಲಿಲ್ಲ.

“ಕಲ್ಲಪ್ಪ, ಬೋಣಿ ಹೊತ್ತಿನಾಗ ಯಾರೂ ‘ಇಲ್ಲ’ ಅನ್ನೂದಿಲ್ಲ ಅಂತ ಕಂಪನಿಗಿ ಹೇಳಿದಾಂವ ನಾನ. ಆ ಓಟ ಹಚ್ಚಿದ್ದು ನನ್ನ ಮಾತು. ಆ ದಿನ ‘ಬಿಡಬ್ಯಾಡ್ರಿ’ ಅಂದಾಂವನೂ ನಾನ.”

ಚಾಚಿದ ಅಂಗೈ ಹಾಗೇ ಇತ್ತು. ಒಲೆಯ ಮೇಲೆ ಚಹಾ ಉಕ್ಕಿ ಬಂತು. ಅವನು ಕೈ ಹಿಂದಕ್ಕೆ ತೆಗೆದುಕೊಂಡು ಉರಿ ಸಣ್ಣದು ಮಾಡಿದ. ನನ್ನತ್ತ ನೋಡದೆ ಚಹಾ ಸೋಸಿದ, ಕಪ್ಪುಗಳನ್ನು ಸಾಲಾಗಿ ಇಟ್ಟ. ಬೈಯುತ್ತಾನೆ ಎಂದುಕೊಂಡೆ. ಹೋಗು ಎನ್ನುತ್ತಾನೆ ಎಂದುಕೊಂಡೆ. ಬೋಣಿಯಾಗದ ಆ ಹೊತ್ತಿನಲ್ಲಿ ಅವನು ಅಂಥ ಮಾತು ಆಡುವವನಲ್ಲ ಎಂಬುದನ್ನು ಮರೆತಿದ್ದೆ.

“ನಿಲ್ರಿ, ಸರ್” ಎಂದ. “ಮೊದ್ಲ ಬ್ಯಾರೆ ಯಾರರೆ ಬರ್ಲಿ.”

ನಿಂತೆ. ಬಿಸಿಲು ತೊಗರಿಯ ಹೊಲದ ಮೇಲಕ್ಕೆ ಬಂತು. ನನ್ನ ಕೈಯಲ್ಲಿ ನೋಟು ಬೆವರಿ ಮೆತ್ತಗಾಯಿತು. ಬಹಳ ಹೊತ್ತಿನ ಮೇಲೆ ತಲೆಗೆ ಟವೆಲ್ ಸುತ್ತಿದ ಒಬ್ಬ ಮುದುಕ ಆಡುಗಳನ್ನು ಅಟ್ಟಿಕೊಂಡು ಬಂದ. ಸೊಂಟದ ಚೀಲ ಬಿಚ್ಚಿ ಮುದುಡಿದ ಒಂದು ನೋಟು ಕೊಟ್ಟ. ಕಲ್ಲಪ್ಪ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಪೆಟ್ಟಿಗೆಗೆ ಹಾಕಿದ, ಮುದುಕನಿಗೆ ಚಹಾ ಕೊಟ್ಟ.

ಆಮೇಲೆ ನನಗೂ ಒಂದು ಕಪ್ಪು ತುಂಬಿ ಕೊಟ್ಟ, ಅಂಚಿನ ತನಕ. “ಹೌರಗ ಕುಡೀರಿ, ಬಿಸಿ ಅದ” ಎಂದ. ನನ್ನ ಹತ್ತು ರೂಪಾಯಿಯನ್ನೂ ತೆಗೆದುಕೊಂಡ. ಅದನ್ನು ಮಾತ್ರ ಕಣ್ಣಿಗೆ ಒತ್ತಿಕೊಳ್ಳಲಿಲ್ಲ.